ಯಾವ ವಯಸ್ಸಿಗೆ ಯಾವ ಪರೀಕ್ಷೆ: ಕೋಲಾರ ಜಿಲ್ಲೆಯ ಮನೆಗಳಿಗೆ ಆರೋಗ್ಯ ತಪಾಸಣೆಯ ಸಮಗ್ರ ಮಾರ್ಗದರ್ಶಿ

ಬಿಪಿ ಏರಿದರೆ ತಲೆ ಸುತ್ತುತ್ತದೆ, ಶುಗರ್ ಬಂದರೆ ಮೂತ್ರಕ್ಕೆ ಇರುವೆ ಮುತ್ತುತ್ತದೆ, ಆಗ ನೋಡಿಕೊಂಡರಾಯಿತು ಎಂದು ಕಾಯುವವರು ಇಂದಿಗೂ ಬೇಕಾದಷ್ಟಿದ್ದಾರೆ. ಎರಡೂ ಕಾಯಿಲೆಗಳು ವರ್ಷಗಟ್ಟಲೆ ಯಾವ ಸುಳಿವೂ ಕೊಡದೆ ಒಳಗೊಳಗೇ ಕೆಲಸ ಮಾಡುತ್ತವೆ. ಗರ್ಭಕಂಠದ ಕ್ಯಾನ್ಸರ್ ಹುಟ್ಟುವ ಮುಂಚಿನ ಬದಲಾವಣೆಗಳೂ ಹಾಗೆಯೇ. ಇಂಥವನ್ನು ಚೆನ್ನಾಗಿರುವಾಗಲೇ ಹುಡುಕಿ ಹಿಡಿಯುವುದಕ್ಕೆ ತಪಾಸಣೆ ಎನ್ನುತ್ತೇವೆ. ಗಂಟು ಕೈಗೆ ಸಿಕ್ಕಿದೆ, ಮಲದಲ್ಲಿ ರಕ್ತ ಬರುತ್ತಿದೆ, ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆ ಎನ್ನುವವರಿಗೆ ಕೆಳಗಿನ ವೇಳಾಪಟ್ಟಿ ಅನ್ವಯಿಸುವುದಿಲ್ಲ. ಅವರು ಈ ವಾರವೇ ವೈದ್ಯರನ್ನು ಕಾಣಬೇಕು.

ಮೊದಲು ಎಲ್ಲಿಗೆ ಹೋಗಬೇಕು

ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಊರಿನ ಉಪಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿದೆ. ಬಿಪಿ, ಬೆರಳಿನಿಂದ ತೆಗೆಯುವ ಶುಗರ್, ಹಿಮೋಗ್ಲೋಬಿನ್, ಲಸಿಕೆ ಅಲ್ಲಿಯೇ ಆಗುತ್ತವೆ. ಕಫ ಪರೀಕ್ಷೆ, ರಕ್ತದ ಮೂಲ ಪರೀಕ್ಷೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ). ಎಕ್ಸ್‌-ರೇ, ಸ್ಕ್ಯಾನಿಂಗ್, ತಜ್ಞ ವೈದ್ಯರು ಬೇಕಾದರೆ ತಾಲ್ಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ.

ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ. 30 ದಾಟಿದವರನ್ನು ನೋಡುತ್ತಾರೆ. ತೊಡಕು ಏನೆಂದರೆ, ಅವರು ಬರುವ ಹೊತ್ತಿಗೆ ಗಂಡಸರು ಟೊಮೆಟೊ ಮಂಡಿಯಲ್ಲೋ, ನರಸಾಪುರದ ಫ್ಯಾಕ್ಟರಿಯಲ್ಲೋ, ಬಂಗಾರಪೇಟೆಯ ರೈಲಿನಲ್ಲೋ ಇರುತ್ತಾರೆ. ಮನೆಯ ಹೆಂಗಸರದ್ದು, ಅಜ್ಜಿಯದ್ದು ಮಾತ್ರ ಆಗುತ್ತದೆ. ಹಾಗೆ ತಪ್ಪಿಹೋದವರು ಮುಂದಿನ ಸುತ್ತಿಗೆ ಕಾಯದೆ ರಜೆಯ ದಿನ ತಾವೇ ಉಪಕೇಂದ್ರಕ್ಕೆ ಹೋಗುವುದು ಮೇಲು. ಇನ್ನೊಂದು ಮಾತು: ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಶುಗರ್ ಜರಡಿ ಹಿಡಿದಂತೆ, ಅನುಮಾನ ಇರುವವರನ್ನು ಬೇರ್ಪಡಿಸುತ್ತದೆ ಅಷ್ಟೆ. ಅಂಕಿ ಹೆಚ್ಚು ಬಂದರೆ ಲ್ಯಾಬಿನಲ್ಲಿ ನರದಿಂದ ತೆಗೆದ ರಕ್ತದಲ್ಲಿ ಖಚಿತವಾಗಬೇಕು.

ಹೊರಡುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ವರದಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಸ್ಟ್ರಿಪ್ಪುಗಳು ಜೊತೆಗಿರಲಿ. "ಬಿಳಿ ಮಾತ್ರೆ, ದುಂಡಗಿದೆ" ಎಂದರೆ ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ.

ಅಳತೆ ತಪ್ಪುವುದು ಎಲ್ಲಿ

ವಯಸ್ಸಿನ ಲೆಕ್ಕಕ್ಕೆ ಹೋಗುವ ಮುನ್ನ ಇದನ್ನು ಹೇಳಲೇಬೇಕು. ಸರಿಯಾದ ವಯಸ್ಸಿನಲ್ಲಿ ಸರಿಯಾದ ಪರೀಕ್ಷೆಯನ್ನೇ ಮಾಡಿಸಿ, ಅಳತೆಯೇ ತಪ್ಪಾದರೆ ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುತ್ತದೆ, ಇಲ್ಲವೇ ಇರುವ ಕಾಯಿಲೆ ಕಣ್ತಪ್ಪುತ್ತದೆ.

ಬಿಪಿ ನೋಡಿಸುವ ಕ್ರಮ ಹೀಗೆ:

1. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರ ಕಟ್ಟಿಕೊಂಡಿರಬಾರದು.
2. ಬಸ್ಸಿಳಿದು ಓಡಿಬಂದ ಕೂಡಲೇ ಕೈ ಚಾಚಬೇಡಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಎರಡೂ ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ.
3. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಬೇಕು. ಕೆಳಗೆ ನೇತಾಡುತ್ತಿದ್ದರೆ ಅಂಕಿ ಹೆಚ್ಚು ಬರುತ್ತದೆ.
4. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು, ಸ್ವೆಟರ್ ಮೇಲಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಮುಕ್ಕಾಲಕ್ಕಿಂತ ಹೆಚ್ಚು ಭಾಗ ಸುತ್ತಬೇಕು.
5. ಅಳೆಯುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಸರಾಸರಿ ತೆಗೆಯಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು.

ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ರಕ್ತದೊತ್ತಡವೇ. 180/110 ಬಂದರೆ ಇನ್ನೊಂದು ದಿನಕ್ಕೆ ಕಾಯದೆ ಅಂದೇ ವೈದ್ಯರ ಹತ್ತಿರ ಹೋಗಬೇಕು. ಜೊತೆಗೆ ಎದೆನೋವು, ಉಬ್ಬಸ, ಕೈಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು ಕಂಡರೆ 108ಕ್ಕೆ ಕರೆ ಮಾಡಿ.

ಬರಿಹೊಟ್ಟೆಯ ಶುಗರ್ ಎಂದರೆ 8ರಿಂದ 10 ಗಂಟೆ ಏನೂ ತಿನ್ನದಿರುವುದು. ನೀರು ಕುಡಿಯಬಹುದು, "ಅರ್ಧ ಲೋಟ ಟೀ" ಕುಡಿಯುವ ಹಾಗಿಲ್ಲ. ರಾತ್ರಿ 9ಕ್ಕೆ ಉಂಡವರು ಬೆಳಗ್ಗೆ 7ಕ್ಕೆ ರಕ್ತ ಕೊಟ್ಟರೆ ಸರಿ. ಶ್ರೀನಿವಾಸಪುರದ ಆಚೆ ಹಳ್ಳಿಯಿಂದ ಹೊರಟು ಕೋಲಾರ ತಲುಪಿ, ಸಾಲಲ್ಲಿ ನಿಂತು 12ಕ್ಕೆ ರಕ್ತ ಕೊಟ್ಟರೆ 15 ಗಂಟೆಯ ಉಪವಾಸವಾಗುತ್ತದೆ, ಅದೂ ಲೆಕ್ಕ ಕೆಡಿಸುತ್ತದೆ. ಬರಿಹೊಟ್ಟೆಯ ಪರೀಕ್ಷೆಯನ್ನು ಹತ್ತಿರದ ಪಿಎಚ್‌ಸಿಯಲ್ಲೇ ಮಾಡಿಸುವುದು ಜಾಣತನ. ಊಟವಾದ ಮೇಲಿನ ಪರೀಕ್ಷೆಗೆ 2 ಗಂಟೆಯ ಲೆಕ್ಕ ಮೊದಲ ತುತ್ತಿನಿಂದ ಶುರು, ಕೈ ತೊಳೆದಾಗಿನಿಂದಲ್ಲ. ಆ ದಿನ ದಿನನಿತ್ಯದ ಊಟವನ್ನೇ ಮಾಡಿ. ಮನೆಯಲ್ಲಿ ಎರಡು ಮುದ್ದೆ ಉಣ್ಣುವವರು ಲ್ಯಾಬಿನ ಮುಂದೆ ಎರಡೇ ಇಡ್ಲಿ ತಿಂದರೆ ವರದಿ ಚೆನ್ನಾಗಿ ಬರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಈಗಾಗಲೇ ಶುಗರ್ ಮಾತ್ರೆ ನುಂಗುವವರು ಪರೀಕ್ಷೆಗೆಂದು ಹಿಂದಿನ ದಿನದ ಮಾತ್ರೆ ಬಿಡುವುದೂ ಇದೇ ಜಾತಿಯ ತಪ್ಪು.

ಗ್ಲುಕೋಮೀಟರಿನಲ್ಲಿ ನೋಡುವಾಗ ಸೋಪು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಮಾವಿನ ಕಾಲದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ಹಣ್ಣು ಹೆಚ್ಚಿದ ಬೆರಳಿನಲ್ಲಿ ಉಳಿದ ರಸ ಸಾಕು, ಆರೋಗ್ಯವಂತನಿಗೂ ಶುಗರ್ ಬಂದಂತೆ ತೋರಿಸಲು. ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿ, ಮೊದಲ ಹನಿ ಒರೆಸಿ, ಎರಡನೆಯದನ್ನು ಬಳಸಿ. ಹಿಂಡಿ ಹಿಂಡಿ ತೆಗೆದ ಹನಿಯಲ್ಲಿ ಅಂಗಾಂಶದ ನೀರು ಸೇರಿ ಅಂಕಿ ಬದಲಾಗುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟ ಪರೀಕ್ಷಾ ಸ್ಟ್ರಿಪ್ಪುಗಳನ್ನು ನಂಬಬೇಡಿ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, ಅದೊಂದು ಅನುಕೂಲ. ಆದರೆ ರಕ್ತಹೀನತೆ ಇದ್ದವರಲ್ಲಿ ಅದು ದಾರಿ ತಪ್ಪಿಸುತ್ತದೆ: ಕಬ್ಬಿಣದ ಕೊರತೆಯಿದ್ದರೆ ಅಂಕಿ ಇದ್ದದ್ದಕ್ಕಿಂತ ಏರಬಹುದು, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೆ ಇಳಿಯಬಹುದು. ರಕ್ತ ಕಡಿಮೆ ಇರುವ ಹೆಂಗಸರಿಗೆ ಎಚ್‌ಬಿಎ1ಸಿ ಒಂದನ್ನೇ ನೋಡಿ ಶುಗರ್ ಎಂದು ತೀರ್ಮಾನಿಸಬಾರದು, ಬರಿಹೊಟ್ಟೆಯದ್ದನ್ನೂ ಕೇಳಿ ಮಾಡಿಸಿ.

ಹುಟ್ಟಿನಿಂದ ಶಾಲೆಯವರೆಗೆ

ಹೆರಿಗೆ ವಾರ್ಡಿನಿಂದ ಹೊರಡುವ ಮುನ್ನವೇ ಕೇಳಿ ಪಡೆಯಬೇಕಾದವು: ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಲಸಿಕೆ, ಬರೆದಿಟ್ಟ ಹುಟ್ಟಿನ ತೂಕ, ಸಾಧ್ಯವಿದ್ದರೆ ಹಿಮ್ಮಡಿಯ ರಕ್ತದಲ್ಲಿ ಥೈರಾಯಿಡ್ ಪರೀಕ್ಷೆ ಮತ್ತು ಕಿವಿಯ ಪರೀಕ್ಷೆ. ಥೈರಾಯಿಡ್ ಕೊರತೆಯಿಂದ ಹುಟ್ಟಿದ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಮೊದಲ ವಾರಗಳಲ್ಲಿ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ, ತಡವಾದರೆ ಹೋದದ್ದು ಮರಳುವುದಿಲ್ಲ. ಕಿವಿಯದ್ದು 1 ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ಖಚಿತಪಡಿಸುವುದು, 6 ತಿಂಗಳೊಳಗೆ ಚಿಕಿತ್ಸೆ ಎಂಬ ಲೆಕ್ಕ. ಚಪ್ಪಾಳೆ ತಟ್ಟಿದರೆ ತಿರುಗುತ್ತದೆ ಎಂದು ಅಜ್ಜಿ ಹೇಳುವ ಸಾಕ್ಷಿ ಸಾಲದು. ಎಷ್ಟೋ ಸಲ ಮಗು ಕೈಯ ಅಲುಗಾಟ ಕಂಡು ತಿರುಗಿರುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಾಣಂತನಕ್ಕೆ ತವರಿಗೆ ಹೋದವರು ಅಲ್ಲಿನ ಆಶಾಗೆ ತಿಳಿಸದಿದ್ದರೆ ಈ ಭೇಟಿಗಳೆಲ್ಲ ತಪ್ಪುತ್ತವೆ. ಲಸಿಕೆಗಳು 6, 10, 14ನೇ ವಾರ, ನಂತರ 9 ತಿಂಗಳು ತುಂಬಿದಾಗ, 16ರಿಂದ 24 ತಿಂಗಳೊಳಗೆ, ಮತ್ತೆ 5-6 ವರ್ಷಕ್ಕೆ. ಕೋಲಾರ ಮೊದಲಿನಿಂದಲೂ ಜಪಾನೀಸ್ ಮಿದುಳು ಜ್ವರ ಕಂಡ ಜಿಲ್ಲೆ, ಹಾಗಾಗಿ 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ಜೊತೆ ಅದರ ಮೊದಲ ಡೋಸು, 16-24 ತಿಂಗಳಲ್ಲಿ ಎರಡನೆಯದು ಇರಲೇಬೇಕು. ಜ್ವರವೆಂದು ಒಂದು ಡೋಸು ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಇದು ಗೊತ್ತಿಲ್ಲದೆ ನಾಚಿಕೊಂಡು ಹೋಗದೇ ಉಳಿಯುವ ತಾಯಂದಿರೇ ಹೆಚ್ಚು. 9 ತಿಂಗಳಿಂದ 5 ವರ್ಷದವರೆಗೆ ವಿಟಮಿನ್ ಎ ಒಟ್ಟು 9 ಡೋಸು.

ಬೆಳವಣಿಗೆಗೆ ಅಂಗನವಾಡಿಯ ತಕ್ಕಡಿಯೇ ಸಾಕು. ಹುಟ್ಟಿನ ತೂಕ 5 ತಿಂಗಳಿಗೆ ಹೆಚ್ಚುಕಡಿಮೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. 6 ತಿಂಗಳು ದಾಟಿದ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ. ಎರಡನೆಯದಕ್ಕೆ ಮನೆಯ ಗಂಜಿ ಸಾಲದು, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ, ಹೋಗಿ. 4 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದೆ ಅಥವಾ ಒಂದು ಪದವನ್ನೂ ಆಡದೆ ಇದ್ದರೆ "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನ ಬೇಡ, ತೋರಿಸಿ.

ಶಾಲೆ, ಹದಿಹರೆಯ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು ಹಲ್ಲು, ಕಣ್ಣು, ಕಿವಿ, ಹೃದಯ ನೋಡುತ್ತದೆ. ದೋಷ ಕಂಡರೆ ಚೀಟಿ ಬರೆದು ಕೊಡುತ್ತದೆ. ಆ ಚೀಟಿ ಹೋಂವರ್ಕ್ ಪುಸ್ತಕದ ಮಧ್ಯೆ ಸೇರಿ, ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುತ್ತದೆ. ತಂಡ ಬಂದ ವಾರ ಮಗುವಿನ ಚೀಲ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕಣ್ಣಿನ ವಿಷಯದಲ್ಲಿ ಇದು ಮುಖ್ಯ. ಒಂದು ಕಣ್ಣು ಮಾತ್ರ ಮಂದವಾಗಿದ್ದರೆ ಮಗು ಇನ್ನೊಂದರಿಂದ ನೋಡಿ ಕಾಲ ಹಾಕುತ್ತದೆ, ಯಾರಿಗೂ ತಿಳಿಯುವುದಿಲ್ಲ. 7-8 ವರ್ಷದೊಳಗೆ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣು ಮುಚ್ಚಿ ಅಭ್ಯಾಸ ಮಾಡಿಸಿದರೆ ಮಂದ ಕಣ್ಣು ಚೇತರಿಸುತ್ತದೆ. ಆಮೇಲೆ ಕಷ್ಟ. ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ಈ ತಂಡ ಸಿಗದಿರಬಹುದು, ಒಂದನೇ ತರಗತಿಗೆ ಸೇರಿಸುವ ಮುನ್ನ ನೀವೇ ಕಣ್ಣು ಪರೀಕ್ಷೆ ಮಾಡಿಸಿ.

10 ಮತ್ತು 16ನೇ ವರ್ಷಕ್ಕೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಲಸಿಕೆ. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆಯನ್ನು ಹುಡುಗಿಯರಿಗಷ್ಟೇ ಅಂದುಕೊಂಡಿದ್ದಾರೆ, ಹುಡುಗರಿಗೂ ಇದೆ. ಅದನ್ನು ಊಟವಾದ ಮೇಲೆ ಕೊಡಬೇಕು, ಟೀ-ಕಾಫಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಹಾಲಿನ ಜೊತೆ ಬೇಡ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ 12ರಿಂದ 14 ವರ್ಷದ ಮಕ್ಕಳಿಗೆ 12 ಗ್ರಾಂಗಿಂತ, ಹೆಂಗಸರಿಗೂ 12ಕ್ಕಿಂತ, ಗರ್ಭಿಣಿಗೆ 11ಕ್ಕಿಂತ, ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಒಳ್ಳೆಯ ವಯಸ್ಸು 9ರಿಂದ 14. ಆ ವಯಸ್ಸಿನಲ್ಲಿ 6 ತಿಂಗಳ ಅಂತರದಲ್ಲಿ ಎರಡು ಡೋಸು ವಾಡಿಕೆ, ಒಂದೇ ಡೋಸು ಸಾಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಲಸಿಕೆ ಹಾಕಿಸಿಕೊಂಡವರೂ 30ರ ನಂತರದ ತಪಾಸಣೆ ಬಿಡುವಂತಿಲ್ಲ.

ಮದುವೆಯ ಮುಂಚೆ, ಗರ್ಭಿಣಿಯಾದಾಗ

ನಮ್ಮ ಕಡೆ ಸೋದರಮಾವನಿಗೋ, ಅತ್ತೆಯ ಮಗನಿಗೋ ಕೊಡುವುದು ಇನ್ನೂ ನಿಂತಿಲ್ಲ. ಬೇಡವೆಂದು ಉಪದೇಶ ಮಾಡಿ ಪ್ರಯೋಜನವಿಲ್ಲ, ಜಾತಕದ ಜೊತೆ ಒಂದು ರಕ್ತ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ ಎಂದರೆ ಕೆಲವರಾದರೂ ಕೇಳುತ್ತಾರೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ ಎಂಬ ಅಂಕಿ 80ಕ್ಕಿಂತ ಕಡಿಮೆ ಇದ್ದರೆ ಅದು ಕಬ್ಬಿಣದ ಕೊರತೆಯಿಂದಲೂ ಆಗಬಹುದು, ಮನೆತನದಲ್ಲಿ ಹರಿದುಬರುವ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರಾಗಿರುವುದರಿಂದಲೂ ಆಗಬಹುದು. ಎಚ್‌ಬಿಎ2 ಪರೀಕ್ಷೆ ಎರಡನ್ನೂ ಬಿಡಿಸಿ ಹೇಳುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗುವಿನ ಸಾಧ್ಯತೆ. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಯೂ ಇದೇ ಹೊತ್ತಿಗೆ ಆಗಲಿ.

ಕೊನೆಯ ಮುಟ್ಟಿನ ದಿನದಿಂದ 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಮೂರು ತಿಂಗಳು ತುಂಬದೆ ಯಾರಿಗೂ ಹೇಳಬಾರದು ಎಂಬ ರೂಢಿ ಇದ್ದರೆ ಊರಿಗೆ ಹೇಳಬೇಡಿ, ನರ್ಸಿಗೆ ಹೇಳಿ. ಕನಿಷ್ಠ ನಾಲ್ಕು ತಪಾಸಣೆ: 12 ವಾರದೊಳಗೆ, 14-26, 28-34, ಮತ್ತು 36 ವಾರದ ನಂತರ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ, ನಾಲ್ಕರಲ್ಲಿ ಒಂದನ್ನಾದರೂ ಆ ದಿನಕ್ಕೆ ಹೊಂದಿಸಿಕೊಳ್ಳಿ. ಪ್ರತಿ ಸಲವೂ ಬಿಪಿ, ತೂಕ, ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನ್ ನೋಡಬೇಕು. ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಒಮ್ಮೆ. ಅಂಗಾಂಗ ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರದಲ್ಲಿ.

ಗರ್ಭಿಣಿಯ ಶುಗರ್ ಪರೀಕ್ಷೆಗೆ 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 2 ಗಂಟೆಯ ನಂತರ ರಕ್ತ ನೋಡುತ್ತಾರೆ. ತಿಂದು ಬಂದಿದ್ದರೂ ನಡೆಯುತ್ತದೆ. 140 ಅಥವಾ ಹೆಚ್ಚಿದ್ದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ್ದು ಲೆಕ್ಕಕ್ಕಿಲ್ಲ, ಮಾರನೇ ದಿನ ಮತ್ತೆ ಮಾಡಿಸಬೇಕು. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24-28 ವಾರದಲ್ಲಿ ಎರಡನೇ ಸಲ ಬೇಕು, ತಪ್ಪುವುದು ಇದೇ. ಹೆರಿಗೆಯಾದ ಮೇಲೆ ಶುಗರ್ ಇಳಿಯಿತೆಂದು ಮರೆತುಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹೆರಿಗೆಯಾಗಿ 6 ವಾರ ತುಂಬಿದಾಗ ಒಂದು ಸಲ ನೋಡಿ, ಆಮೇಲೆ ವರ್ಷಕ್ಕೊಮ್ಮೆ ನೋಡಿಸುತ್ತಲೇ ಇರಬೇಕು, ಏಕೆಂದರೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇಂಥವರಿಗೆ ಬಹಳ ಹೆಚ್ಚು.

30ರಿಂದ 60: ಬಿಡುವಿಲ್ಲದವರ ವಯಸ್ಸು

30 ತುಂಬಿದವರಿಗೆ ಆಶಾ ಒಂದು ಫಾರಂ ತುಂಬುತ್ತಾರೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ. ಅಂಕ 4 ದಾಟಿದರೆ ಮೊದಲು ಕರೆಯುತ್ತಾರೆ. 4ರೊಳಗೆ ಬಂದವರೂ ತಪಾಸಣೆಯಿಂದ ಪಾರಾದಂತಲ್ಲ. ಹೊಗೆಸೊಪ್ಪು ಹಾಕುವುದನ್ನು ಅತ್ತೆಯ ಮುಂದೆ ಹೇಳಲಾಗದ ಸೊಸೆ ಫಾರಂನಲ್ಲಿ "ಇಲ್ಲ" ಎಂದು ಬರೆಸಿದರೆ ಇಡೀ ಅಂಕವೇ ಸುಳ್ಳಾಗುತ್ತದೆ, ಪ್ರತ್ಯೇಕವಾಗಿ ಹೇಳಿ.

ಸೊಂಟ ಅಳೆಯುವುದು ಪ್ಯಾಂಟು ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯದ ಗೆರೆ. ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ ಇರುವವರು ತೂಕ ನೋಡಿ ಸಮಾಧಾನಪಟ್ಟುಕೊಳ್ಳಬಾರದು.

ಬಿಪಿ ಮತ್ತು ಶುಗರ್ ವರ್ಷಕ್ಕೊಮ್ಮೆ. ಅಪ್ಪ-ಅಮ್ಮನಿಗೆ ಶುಗರ್ ಇದ್ದರೆ, ಹೊಟ್ಟೆ ಬಂದಿದ್ದರೆ, ರಾತ್ರಿ ಪಾಳಿಯಿದ್ದರೆ 30ಕ್ಕೆ ಕಾಯದೆ 25ರಿಂದಲೇ ಶುರು ಮಾಡುವುದು ಒಳ್ಳೆಯದು. ಬರಿಹೊಟ್ಟೆಯಲ್ಲಿ 100ರೊಳಗೆ ಸರಿ, 100-125 ಗಡಿ, 126ರಿಂದ ಮೇಲೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿ 5.7ರೊಳಗೆ ಸರಿ, 6.5ರಿಂದ ಕಾಯಿಲೆ. ಲಕ್ಷಣವಿಲ್ಲದವರಲ್ಲಿ ಒಂದೇ ವರದಿ ಸಾಲದು, ಎರಡನೇ ಸಲವೂ ಹಾಗೆಯೇ ಬರಬೇಕು. ಗಡಿಯಲ್ಲಿರುವವರೇ ಹೆಚ್ಚು ಗಮನ ಕೊಡಬೇಕಾದವರು, ಅವರಿಗಿನ್ನೂ ಹಿಂದಿರುಗುವ ದಾರಿಯಿದೆ. ಮುದ್ದೆಯ ಗಾತ್ರ ಇಳಿಸಿ, ಬಸ್ಸಾರಿನ ಸೊಪ್ಪು-ಕಾಳು ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದು, ವರ್ಷದ ಬದಲು 6 ತಿಂಗಳಿಗೆ ಮತ್ತೆ ನೋಡಿಸಿಕೊಳ್ಳಬೇಕು. ಶುಗರ್‌ಗೆ ರಾಗಿ ಒಳ್ಳೆಯದು ಎಂಬ ಮಾತು ನಿಜವಾದರೂ ಎಷ್ಟು ಬೇಕಾದರೂ ಉಣ್ಣಲು ಅದು ಪರವಾನಗಿಯಲ್ಲ.

ಬಿಪಿ ಅಥವಾ ಶುಗರ್ ಇದೆಯೆಂದಾದವರಿಗೆ ವರ್ಷಕ್ಕೊಮ್ಮೆ ಇನ್ನಷ್ಟು ಬೇಕು: ಕಿಡ್ನಿಗಾಗಿ ರಕ್ತದ ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್, ಕೊಬ್ಬಿನ ಪರೀಕ್ಷೆ, ಪಾದದ ಸ್ಪರ್ಶ, ಕಣ್ಣಿನ ಒಳಪದರ. ಬರೀ ಕ್ರಿಯಾಟಿನಿನ್ ನೋಡಿ ಕಿಡ್ನಿ ಚೆನ್ನಾಗಿದೆ ಎನ್ನಬಾರದು. ಕಿಡ್ನಿಯ ಶಕ್ತಿ ಅರ್ಧದಷ್ಟು ಇಳಿಯುವವರೆಗೂ ಅದು ಸಾಮಾನ್ಯ ಮಿತಿಯಲ್ಲೇ ಇರಬಹುದು. ಮೂತ್ರದಲ್ಲಿ ಆಲ್ಬುಮಿನ್ ಬಹಳ ಮೊದಲೇ ಕಾಣಿಸುತ್ತದೆ. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವುದರಿಂದ ನಾಲ್ಕಾರು ಗಂಟೆ ಮಬ್ಬಾಗಿರುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ.

ಬಾಯಿಯ ಕ್ಯಾನ್ಸರಿಗೆ ಸರ್ಕಾರಿ ಕ್ರಮದಲ್ಲಿ 5 ವರ್ಷಕ್ಕೊಮ್ಮೆ ತಪಾಸಣೆ. ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಇರುವವರು ತಿಂಗಳಿಗೊಮ್ಮೆ ಮನೆಯಲ್ಲೇ ನೋಡಿಕೊಳ್ಳಬಹುದು. ಕಟ್ಟಿಸಿದ ಹಲ್ಲಿದ್ದರೆ ತೆಗೆದು, ಬಾಯಿ ಮುಕ್ಕಳಿಸಿ, ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ನಾಲಿಗೆಯ ಮೇಲೆ, ಅಂಚು, ಅಡಿ, ಕೊನೆಗೆ ಅಂಗುಳ. ಅಡಿಕೆಯ ಉಂಡೆ ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೋ ಆ ಕಡೆ ಎರಡು ಸಲ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತೋರಿಸಿ. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲಾಗದಿದ್ದರೆ, ಸಾರಿನ ಖಾರ ಇದ್ದಕ್ಕಿದ್ದಂತೆ ಉರಿಯತೊಡಗಿದರೆ, ಅದು ಅಡಿಕೆಯಿಂದ ಒಳಪದರ ಬಿಗಿಯುತ್ತಿರುವ ಗುರುತು. ಹಲ್ಲಿನ ಡಾಕ್ಟರನ್ನು ಕಾಣಬೇಕು. ಹುಣ್ಣಿಗೆ ನೋವಿಲ್ಲ ಎನ್ನುವುದು ಧೈರ್ಯದ ಮಾತಲ್ಲ, ಶುರುವಿನಲ್ಲಿ ಕ್ಯಾನ್ಸರ್ ಹುಣ್ಣು ನೋಯದೆಯೇ ಇರಬಹುದು.

ಗರ್ಭಕಂಠದ ತಪಾಸಣೆ 30ರಿಂದ 65ರವರೆಗೆ 5 ವರ್ಷಕ್ಕೊಮ್ಮೆ. ತರಬೇತಿ ಪಡೆದ ನರ್ಸ್ ಅಥವಾ ವೈದ್ಯೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿಯ ಕಲೆ ಮೂಡುತ್ತದೆಯೇ ನೋಡುತ್ತಾರೆ. ಸ್ವಲ್ಪ ಉರಿ, ಮುಜುಗರ ಬಿಟ್ಟರೆ ನೋವಿಲ್ಲ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಮುಟ್ಟಿನ ದಿನಗಳಲ್ಲಿ ಬೇಡ, ಎರಡು ದಿನ ಮುಂಚಿನಿಂದ ಗಂಡ-ಹೆಂಡತಿ ಸೇರುವುದು, ಯೋನಿಯೊಳಗೆ ಮಾತ್ರೆ ಇಡುವುದು ಬೇಡ. ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸಿಗುವಲ್ಲಿ ಅದು ಇನ್ನೂ ನಿಖರ. ಬಿಳಿ ಕಲೆ ಕಂಡರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದರ್ಥ. ಹೆಚ್ಚಿನ ಸಲ ಅಲ್ಲೇ ಆ ಭಾಗವನ್ನು ಹೆಪ್ಪುಗಟ್ಟಿಸಿ ತೆಗೆಯುವ ಶೈತ್ಯ ಚಿಕಿತ್ಸೆಯಿಂದ ಮುಗಿಯುತ್ತದೆ. ಗರ್ಭಕೋಶ ತೆಗೆಸಿಕೊಂಡವರು ನಮಗೇಕೆ ಎಂದು ಬಿಡುವ ಮುನ್ನ ಡಿಸ್ಚಾರ್ಜ್ ಕಾರ್ಡ್ ತೋರಿಸಿ, ಕೆಲವು ಶಸ್ತ್ರಚಿಕಿತ್ಸೆಯಲ್ಲಿ ಕಂಠವನ್ನು ಉಳಿಸಿರುತ್ತಾರೆ.

ಸ್ತನಗಳನ್ನು ಮುಟ್ಟು ಶುರುವಾದ 7ರಿಂದ 10ನೇ ದಿನದೊಳಗೆ, ಮುಟ್ಟು ನಿಂತವರು ತಿಂಗಳ ಒಂದು ಗೊತ್ತಾದ ತಾರೀಕಿಗೆ ನೋಡಿಕೊಳ್ಳಬಹುದು. ಮೂರು ಬೆರಳ ಚಪ್ಪಟೆ ಭಾಗದಿಂದ, ಕಂಕುಳವೂ ಸೇರಿ. ಹಿಂಡಿ ನೋಡಿದರೆ ಎಲ್ಲವೂ ಗಡ್ಡೆಯಂತೆಯೇ ಅನಿಸುತ್ತದೆ. ನರ್ಸ್ ಅಥವಾ ವೈದ್ಯರಿಂದ 5 ವರ್ಷಕ್ಕೊಮ್ಮೆ ಪರೀಕ್ಷೆ. ಅಮ್ಮನಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಬಂದಿದ್ದರೆ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ ವೈದ್ಯರ ಸಲಹೆಯಂತೆ ಶುರು ಮಾಡಬೇಕು. ಕರುಳಿನ ಕ್ಯಾನ್ಸರ್ ಮನೆತನದಲ್ಲಿದ್ದರೂ ಇದೇ ಲೆಕ್ಕ.

ನಮ್ಮ ನೀರು, ನಮ್ಮ ದೂಳು

ಈ ಭಾಗ ಎಲ್ಲ ಜಿಲ್ಲೆಯ ಪಟ್ಟಿಗಳಲ್ಲೂ ಇರುವುದಿಲ್ಲ. ನಮ್ಮ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬೆಂಗಳೂರಿನಿಂದ ಸಂಸ್ಕರಿಸಿ ಹರಿಸುವ ಕೆಸಿ ವ್ಯಾಲಿ ನೀರು ಬಂದು ಕೆರೆ ತುಂಬಿದೆ, ಬೋರಿನ ಮಟ್ಟ ಏರಿದೆ ಎಂದ ಮಾತ್ರಕ್ಕೆ ಫ್ಲೋರೈಡ್ ಇಳಿದಿದೆ ಎಂದು ಊಹಿಸುವಂತಿಲ್ಲ. ಪಕ್ಕಪಕ್ಕದ ಎರಡು ಬೋರುಗಳಲ್ಲೇ ಅಂಕಿ ಬೇರೆಯಿರುತ್ತದೆ. ಮೋಟಾರನ್ನು ಐದಾರು ನಿಮಿಷ ಓಡಿಸಿ, ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ಒಂದು ಲೀಟರ್ ತುಂಬಿ, ಊರು-ತಾರೀಕು ಬರೆದು, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಕೊಡಿ. ಒಳಗಿನ ಸೋಸುವ ಪೊರೆ ಬದಲಿಸದ ಘಟಕ ಬರೀ ತಣ್ಣಗಿನ ಬೋರ್ ನೀರನ್ನೇ ಕೊಡುತ್ತಿರಬಹುದು.

ಮಕ್ಕಳ ಶಾಶ್ವತ ಹಲ್ಲಿನ ಮೇಲೆ ಅಡ್ಡಡ್ಡವಾಗಿ ಸುಣ್ಣದ ಬಿಳಿ ಅಥವಾ ಕಂದು ಪಟ್ಟಿ ಕಂಡರೆ ಅದು ಹಲ್ಲುಜ್ಜದ ಕೊಳೆಯಲ್ಲ. 8 ವರ್ಷದೊಳಗೆ ಕುಡಿದ ನೀರಿನ ಗುರುತು. ಹಲ್ಲು ಬದಲಾಗದು, ಆದರೆ ತಮ್ಮ-ತಂಗಿಯರ ನೀರು ಬದಲಿಸಬಹುದು. ದೊಡ್ಡವರಲ್ಲಿ ಮೂಳೆಗೆ ತಗುಲಿದೆಯೇ ಎಂದು ಮೂರು ರೀತಿಯಲ್ಲಿ ನೋಡುತ್ತಾರೆ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂದೆ ಇಡುವುದು. ಮೂರರಲ್ಲಿ ಯಾವುದಾದರೂ ಒಂದು ಆಗದಿದ್ದರೆ ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಕಾಯಿಲೆ, ಎಂದೇನೂ ಅಲ್ಲ, ಆದರೆ ಸೊಂಟನೋವೆಂದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವ ಬದಲು ಎಕ್ಸ್‌-ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ ಕೇಳಲು ಕಾರಣ ಸಿಕ್ಕಂತೆ.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಒಳಗೆ ದುಡಿದವರ ಶ್ವಾಸಕೋಶದಲ್ಲಿ ಸೇರಿದ ಸಿಲಿಕಾ ದೂಳು ಮುಚ್ಚಿಹೋಗಿಲ್ಲ. ಸಿಲಿಕೋಸಿಸ್ ದೂಳಿನ ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ, ಕ್ಷಯ ತಗುಲುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಹಳೆಯ ಗಣಿ ಕಾರ್ಮಿಕರು, ಈಗಿನ ಕಲ್ಲು ಕ್ವಾರಿ, ಕ್ರಷರ್‌ನಲ್ಲಿ ಇರುವವರು ವರ್ಷಕ್ಕೊಮ್ಮೆ ಎದೆಯ ಎಕ್ಸ್‌-ರೇ, ಊದಿ ನೋಡುವ ಸ್ಪೈರೋಮೆಟ್ರಿ ಮಾಡಿಸುವುದು ಒಳ್ಳೆಯದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ, ಪಿಎಚ್‌ಸಿಯಲ್ಲಿ ಉಚಿತ. ಬೆಳಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ತೆಗೆದ ಕಫ ಬೇಕು, ಉಗುಳು ಕೊಟ್ಟರೆ ಇರುವ ಕ್ಷಯವೂ ಇಲ್ಲವೆಂದು ಬರುತ್ತದೆ.

60 ದಾಟಿದ ಮೇಲೆ

ಮೇಲಿನದರ ಜೊತೆ ಬಿದ್ದು ಮೂಳೆ ಮುರಿಯುವುದನ್ನು ತಡೆಯುವುದು ಸೇರುತ್ತದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಬಿಪಿ ಮಾತ್ರೆ ನುಂಗುವವರಿಗೆ ಮಲಗಿಸಿ 5 ನಿಮಿಷದ ನಂತರ ಒಮ್ಮೆ, ನಿಲ್ಲಿಸಿ 1 ಮತ್ತು 3 ನಿಮಿಷಕ್ಕೆ ಮತ್ತೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವುದು ಇದರಿಂದಲೇ ಇರಬಹುದು, ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ. ಕಣ್ಣಿನ ಪೊರೆ, ಕಿವಿ ವರ್ಷಕ್ಕೊಮ್ಮೆ. ಅಜ್ಜನಿಗೆ ಮರೆವು ಎನ್ನುವ ಮುನ್ನ ಕಿವಿ ಕೇಳಿಸುತ್ತಿದೆಯೇ ನೋಡಿ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಅಂಥವರ ಕ್ರಿಯಾಟಿನಿನ್ 6 ತಿಂಗಳಿಗೊಮ್ಮೆಯಾದರೂ ನೋಡಬೇಕು.

ಪ್ಯಾಕೇಜು, ವರದಿ, ಕಡತ

ಹಬ್ಬದ ರಿಯಾಯಿತಿಯಲ್ಲಿ ಎಪ್ಪತ್ತು ಪರೀಕ್ಷೆಗಳ ಪ್ಯಾಕೇಜು ಮಾರುತ್ತಾರೆ. ಲ್ಯಾಬಿನ ಸಾಮಾನ್ಯ ಮಿತಿ ಎಂದರೆ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿ ಬರುವ ವ್ಯಾಪ್ತಿ. ಉಳಿದ 5 ಮಂದಿ ಚೆನ್ನಾಗಿದ್ದರೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಒಂದಾದರೂ ಮಿತಿ ಮೀರಿ ದಪ್ಪ ಅಕ್ಷರದಲ್ಲಿ ಬರುವ ಸಾಧ್ಯತೆ 64 ಶೇಕಡ. ಆಮೇಲೆ ಅದರ ಬೆನ್ನು ಹತ್ತಿ ಸ್ಕ್ಯಾನಿಂಗ್, ತಜ್ಞರು, ನಿದ್ದೆಗೇಡು. ಕ್ಯಾನ್ಸರ್ ಗುರುತು ಎಂದು ಸೇರಿಸುವ ರಕ್ತ ಪರೀಕ್ಷೆಗಳು ಲಕ್ಷಣವಿಲ್ಲದವರನ್ನು ಶೋಧಿಸಲು ಮಾಡಿದವಲ್ಲ. ಇಷ್ಟೆಲ್ಲ ಇದ್ದೂ ಬಾಯಿ ತೆರೆಸಿ ನೋಡುವುದು, ಗರ್ಭಕಂಠ ನೋಡುವುದು ಆ ಪ್ಯಾಕೇಜಿನಲ್ಲಿ ಇರುವುದಿಲ್ಲ.

ವರದಿ ಕೈಗೆ ಬಂದ ಮೇಲೆ ಯಾವ ಅಂಕಿ ಮಿತಿ ಮೀರಿದೆ, ಅದನ್ನು ಯಾವಾಗ ಮತ್ತೆ ನೋಡಬೇಕು, ಎಲ್ಲಿಗೆ ಹೋಗಬೇಕು ಎಂಬ ಮೂರನ್ನು ವೈದ್ಯರಿಂದಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಡಿ ದೊಡ್ಡ ಚಿಕಿತ್ಸೆಗೆ ಹೋಗುವವರಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಆ ಕಾಗದವನ್ನೂ ಜೊತೆಗಿಡಿ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಫೈಲು ಮಾಡಿ, ಹೊಸದು ಮೇಲೆ ಬರುವಂತೆ ಜೋಡಿಸಿ, ಮೊದಲ ಹಾಳೆಯಲ್ಲಿ ರಕ್ತದ ಗುಂಪು, ಆಗದ ಔಷಧಿ, ಮುಂದಿನ ತಾರೀಕು ಬರೆದಿಡಿ. ಇಸಿಜಿಯನ್ನು ಉಷ್ಣ ಕಾಗದದ ಮೇಲೆ ತೆಗೆಯುವುದರಿಂದ ವರ್ಷ ಕಳೆಯುವಷ್ಟರಲ್ಲಿ ಗೆರೆಗಳು ಮಾಸತೊಡಗುತ್ತವೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಿಸಿಲಿಗೆ ಸಿಕ್ಕರೆ ಇನ್ನೂ ಬೇಗ. ತೆಗೆಸಿದ ದಿನವೇ ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಫೈಲಿಗೆ ಹಾಕಿ.